ಮೆಟ್ರೊಪೊಲಿಸ್‌ನ ಆ ರೋಬೋಟ್ ಯಂತ್ರವಲ್ಲ, ಬ್ರಿಗಿಟೆ ಹೆಲ್ಮ್

"1927ರಲ್ಲೇ ಜರ್ಮನಿಯವರು ನಿಜವಾದ ರೋಬೋಟ್ ಮಾಡಿ ಸಿನಿಮಾದಲ್ಲಿ ನಡೆಸಿದ್ದರು" ಅಂತ ಒಂದು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಫೋಟೊ ನಿಜ, ನಿರ್ದೇಶಕ ಫ್ರಿಟ್ಸ್ ಲಾಂಗ್ ಅವರ 'ಮೆಟ್ರೊಪೊಲಿಸ್' ಮೂಕಿ ಚಿತ್ರದ್ದೇ. ಆದರೆ ಒಳಗಿರುವುದು ಯಂತ್ರವಲ್ಲ, ನಟಿ ಬ್ರಿಗಿಟೆ ಹೆಲ್ಮ್. ಆಗ ಆಕೆಗೆ ಇಪ್ಪತ್ತರ ಆಸುಪಾಸು, ಅದೇ ಮೊದಲ ಸಿನಿಮಾ.

ಶಿಲ್ಪಿ ವಾಲ್ಟರ್ ಷುಲ್ಟ್ಸೆ-ಮಿಟ್ಟೆನ್‌ಡಾರ್ಫ್ ಆಕೆಯ ಮೈಯ ಅಚ್ಚು ತೆಗೆದು, ಮರದಂತೆ ಗಟ್ಟಿಯಾಗುವ ಒಂದು ಪೇಸ್ಟ್‌ನಿಂದ ಆ ಕವಚ ಮಾಡಿ, ಲೋಹದಂತೆ ಕಾಣಲಿ ಅಂತ ಬಣ್ಣ ಹಚ್ಚಿದ್ದರು. ಅದು ಬಿರುಸಾಗಿತ್ತು, ಮೈ ತರಚುತ್ತಿತ್ತು. ಅಷ್ಟು ಕಷ್ಟಪಟ್ಟವರ ಹೆಸರನ್ನೇ ಅಳಿಸಿದರೆ ಬೇಜಾರಾಗುತ್ತದೆ ಅಲ್ವಾ?

ಇನ್ನೊಂದು ಮಾತು: ಚಿತ್ರದಲ್ಲಿ ಕಾರ್ಮಿಕರಿಗೆ ತಾಳ್ಮೆ ಹೇಳುವ ಮರಿಯಾ, ಆಕೆಯ ರೂಪ ಪಡೆದ ರೋಬೋಟ್ ಆದ ನಕಲಿ ಮರಿಯಾ, ಎರಡೂ ಪಾತ್ರ ಹೆಲ್ಮ್ ಅವರದ್ದೇ. ಒಬ್ಬಳ ಕಣ್ಣಲ್ಲಿ ಕರುಣೆ, ಇನ್ನೊಬ್ಬಳದ್ದು ತಟ್ಟನೆ ತಿರುಗುವ ತಲೆ, ಒಂದು ಕಣ್ಣು ಅರೆಮುಚ್ಚಿದ ನೋಟ, ಎಳೆದಂತೆ ಆಡುವ ಭುಜ. ಮಾತಿಲ್ಲದೆ, ಅದೇ ಮುಖದಲ್ಲಿ ಇಬ್ಬರನ್ನು ಬೇರೆ ಮಾಡುವುದು ಸುಮ್ನೆ ಆಗುವ ಕೆಲಸವಲ್ಲ. ನನಗಂತೂ ಆ ಕಾಲದ ಅತ್ಯುತ್ತಮ ನಟನೆಗಳಲ್ಲಿ ಇದೂ ಒಂದು.

ಹಾಗಾಗಿ ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಹೆಲ್ಮ್ ಹೆಸರು ತಿಳಿಸಿ.