ಗಜಪೃಷ್ಠದ ಬಸ್ ಸ್ಟಾಪು

ಆರ್ಕಿಟೆಕ್ಚರಿಗೆ ಸೇರಿದೆ ಅಂದ ಕೂಡ್ಲೇ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ನೆಂಟರೆಲ್ಲ ಕೇಳಿದ್ದು ಒಂದೇ, ಅದು ಇಂಜಿನಿಯರಾ ಅಲ್ಲ ವಾಸ್ತುವಾ ಅಂತ. ಎರಡೂ ಅಲ್ಲ ಅಂದ್ರೆ ಮತ್ತೆ ಐದು ವರ್ಷ ಎಂತ ಕಲಿಯುದು ಅಂತ ಇನ್ನೊಂದು ಪ್ರಶ್ನೆ. ಮೊದಲ ಸೆಮಿಸ್ಟರ್ ಮುಗಿಯುವವರೆಗೆ ನನಗೂ ಉತ್ತರ ಗೊತ್ತಿರ್ಲಿಲ್ಲ. ಗೆರೆ ಎಳೆಯುದು, ದಪ್ಪ ಆಯ್ತು ಅಂತ ಅಳಿಸುದು, ಶೀಟು ಹರಿದು ಹೋದ್ರೆ ಹೊಸ ಶೀಟು, ಅಷ್ಟೇ.

ಎರಡನೇ ಸೆಮಿಸ್ಟರಲ್ಲಿ ಮೇಡಂ ಒಂದು ಬಸ್ ಸ್ಟಾಪ್ ಡಿಸೈನ್ ಮಾಡ್ಲಿಕ್ಕೆ ಕೊಟ್ರು. ಅದಕ್ಕಿಂತ ಮೊದಲು ಎರಡು ವಾರ ಥಿಯರಿ. ವಿಟ್ರೂವಿಯಸ್ ಅಂತ ರೋಮಿನವನೊಬ್ಬ ಎರಡು ಸಾವಿರ ವರ್ಷದ ಹಿಂದೆ ಹೇಳಿದ್ದಾನಂತೆ, ಕಟ್ಟಡ ಅಂದ್ರೆ ಗಟ್ಟಿ ಇರ್ಬೇಕು, ಉಪಯೋಗಕ್ಕೆ ಬರ್ಬೇಕು, ಚಂದ ಕಾಣ್ಬೇಕು ಅಂತ. ನಮ್ಮ ಅಜ್ಜಿ ಹಿಡಿಸೂಡಿ ತಗೊಳ್ಳುವಾಗ ನೋಡುದೂ ಇದನ್ನೇ, ಆದ್ರೆ ಅಜ್ಜಿಯ ಮಾತಿಗೆ ಪರೀಕ್ಷೆಯಲ್ಲಿ ಮಾರ್ಕಿಲ್ಲ. ಆಮೇಲೆ ಬ್ಯಾಲೆನ್ಸು, ರಿದಮ್ಮು, ಪ್ರಪೋರ್ಷನ್ನು, ಸ್ಕೇಲು. ನಾನು ಎಲ್ಲವನ್ನೂ ನೋಟ್ಸ್ ಬರ್ಕೊಂಡೆ, ಎಲ್ಲವನ್ನೂ ಒಂದೇ ಬಸ್ ಸ್ಟಾಪಿಗೆ ತುರುಕಿದೆ. ಮದುವೆ ಊಟದಲ್ಲಿ ಮೊದಲ ಸಲ ಎಲೆ ಎದುರು ಕೂತವನ ಹಾಗೆ.

ರಿದಮ್ ಬೇಕಲ್ವಾ, ಅದಕ್ಕೆ 9 ಮೀಟರ್ ಉದ್ದಕ್ಕೆ 15 ಕಂಬ ನಿಲ್ಲಿಸಿದೆ. ಕಂಬದ ದಪ್ಪ 23 ಸೆಂ.ಮೀ., ನಡುವಿನ ಸಂದು ಸುಮಾರು 40. ಚಿತ್ರದಲ್ಲಿ ಮದ್ದಳೆ ಬಾರಿಸಿದ ಹಾಗೇ ಕಾಣ್ತಿತ್ತು. ಅಪ್ಪ ಬಂದು ಕನ್ನಡಕ ಮೇಲೆ ಮಾಡಿ ನೋಡಿ, "ಅಡಿಕೆ ಗೋಣಿ ಹಿಡ್ಕೊಂಡವ ಹೊರಗೆ ಬರುದು ಹೇಗೆ?" ಅಂದ್ರು. ಬಸ್ಸು ಬಂದ್ರೆ ಅಡ್ಡಕ್ಕೆ ತಿರುಗಿ ಏಡಿಯ ಹಾಗೆ ಬರ್ಬೇಕು ಅಂತ ನನಗೂ ಆಗ್ಲೇ ಗೊತ್ತಾದದ್ದು, ಆದ್ರೆ ಶೀಟಿಗೆ ಇಂಕ್ ಮಾಡಿ ಆಗಿತ್ತು.

ಬೆಂಚಿನ ಕತೆ ಬೇರೆ. ಲ ಕಾರ್ಬ್ಯೂಸಿಯೆ ಅನ್ನುವ ದೊಡ್ಡ ಆರ್ಕಿಟೆಕ್ಟ್ ಮೊಡ್ಯುಲರ್ ಅಂತ ಒಂದು ಅಳತೆಯ ಲೆಕ್ಕ ಮಾಡಿದ್ದಾರೆ, ಅದರಲ್ಲಿ ಮನುಷ್ಯನ ಎತ್ತರ 183 ಸೆಂ.ಮೀ., ಅಂದ್ರೆ ಆರಡಿ. ಮೊದಲು 175 ಇತ್ತಂತೆ, ಆಮೇಲೆ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಚಂದದ ಪೊಲೀಸರೆಲ್ಲ ಆರಡಿ ಇರ್ತಾರೆ ಅಂತ 183 ಮಾಡಿದ್ದಂತೆ. ನಾನು ತಮಾಷೆ ಮಾಡುದಲ್ಲ. ಆ ಲೆಕ್ಕದಲ್ಲಿ ಕೂತ್ಕೊಳ್ಳುವ ಎತ್ತರ 43 ಬರ್ತದೆ. ಪರೀಕ್ಷೆ ಮಾಡುವ ಅಂತ ಎರಡು ಬದಿ ಮುರಕಲ್ಲು ಇಟ್ಟು, ಮೇಲೆ ಹಲಗೆ ಹಾಕಿ, ಟೇಪಲ್ಲಿ ಸರಿಯಾಗಿ 43 ಅಳೆದು, ಚಾವಡಿಯಲ್ಲಿ ಅಜ್ಜಿಯನ್ನು ಕೂರಿಸಿದೆ. ಅಜ್ಜಿಯ ಕಾಲು ನೆಲಕ್ಕೆ ತಾಗ್ಲೇ ಇಲ್ಲ. ಸ್ವಲ್ಪ ಹೊತ್ತು ಮಗುವಿನ ಹಾಗೆ ಕಾಲು ಆಡಿಸಿ, "ಅಡುಗೆ ಕೋಣೆಯಿಂದ ಒಂದು ಮಣೆ ತಾ ಮಗಾ, ಕಾಲಡಿಗೆ ಇಡ್ಲಿಕ್ಕೆ" ಅಂದ್ರು. ಲಂಡನ್ ಪೊಲೀಸನಿಗೆ ಮಾಡಿದ ಬೆಂಚಲ್ಲಿ ನಮ್ಮಜ್ಜಿ ಬಸ್ಸಿಗೆ ಕಾಯ್ಬೇಕಾದ್ರೆ ಮನೆಯಿಂದ ಮಣೆ ಹಿಡ್ಕೊಂಡು ಹೋಗ್ಬೇಕು.

ಮೇಡಮಿಗೆ ಕಾನ್ಸೆಪ್ಟ್ ಬೇಕೇ ಬೇಕು. ಕಾನ್ಸೆಪ್ಟ್ ಇಲ್ಲದ ಬಸ್ ಸ್ಟಾಪಿಗೆ ಬಸ್ಸೂ ಬರುದಿಲ್ಲ ಅನ್ನುವ ಹಾಗೆ ಮಾತಾಡ್ತಾರೆ. ನಾನು ಗಜಪೃಷ್ಠ ಅಂದೆ. ನಮ್ಮ ಮಧೂರು ದೇವಸ್ಥಾನದ ಹಿಂಬದಿ ಆನೆಯ ಬೆನ್ನಿನ ಹಾಗೆ ದುಂಡಗೆ ಉಂಟಲ್ಲ, ಅದು. ಚಿಕ್ಕಂದಿನಿಂದ ಹೋಗ್ತಾ ಇದ್ರೂ ನನ್ನ ಗಮನ ಎಲ್ಲ ಅಪ್ಪ ಅನ್ನುವ ಸಿಹಿ ಪ್ರಸಾದದ ಮೇಲೆಯೇ, ದೇವಸ್ಥಾನದ ಮಾಡು, ಅಂದ್ರೆ ಛಾವಣಿ, ಯಾವ ಆಕಾರ ಅಂತ ತಲೆ ಎತ್ತಿ ನೋಡಿದ್ದು ಆಗ್ಲೇ. ಮಾಡೆಲ್ಲಿಗೆ ಆ ದುಂಡು ಮಾಡು ಎಂತದರಲ್ಲಿ ಮಾಡುದು ಅಂತ ಯೋಚಿಸಿ, ತೋಟಕ್ಕೆ ಹೋಗಿ ಅಡಿಕೆ ಹಾಳೆ ತಂದೆ. ನೀರಲ್ಲಿ ನೆನೆಸಿದ್ರೆ ಹೇಗೆ ಬೇಕೋ ಹಾಗೆ ಬಗ್ತದೆ. ಫೋಮ್ ಬೋರ್ಡಿನ ಕಂಬದ ಮೇಲೆ ಫೆವಿಕಾಲ್ ಹಾಕಿ ಅಂಟಿಸಿ, ಮೇಲೆ ಅಕ್ಕಿ ಕಟ್ಟಿದ ಬಟ್ಟೆ ಭಾರಕ್ಕೆ ಇಟ್ಟು ಮಲಗಿದೆ.

ಬೆಳಿಗ್ಗೆ ಕುಂಬ್ಳೆಯಲ್ಲಿ ಮಂಗಳೂರು ಬಸ್ಸು ಹತ್ತಿದ್ರೆ ಕಂಡಕ್ಟರು ನನ್ನ ಮಡಿಲಲ್ಲಿದ್ದ ಮಾಡೆಲ್ ನೋಡಿ "ಇದೆಂದಾ, ಕೋಳಿಕ್ಕೂಡಾ?" ಅಂದ್ರು. ಕೋಳಿಗೂಡಲ್ಲ ಬಸ್ ಸ್ಟಾಪು ಅಂದೆ. ಅವ್ರು ಮತ್ತೊಂದು ಸಲ ನೋಡಿ ಒಂದು ಟಿಕೆಟ್ ಹರಿದು ಕೊಟ್ಟು ಹೋದ್ರು. ತಲಪಾಡಿ ದಾಟುವಾಗ ಮಳೆ ಶುರು, ಶಟರ್ ಇಳಿಸುವಷ್ಟರಲ್ಲಿ ಹಾಳೆ ಪುನಃ ಒದ್ದೆ.

ಜ್ಯೂರಿಯಲ್ಲಿ, ಅಂದ್ರೆ ಡಿಸೈನ್ ನೋಡಿ ಪ್ರಶ್ನೆ ಕೇಳಿ ಮಾರ್ಕು ಹಾಕುವಲ್ಲಿ, ನನ್ನ ಮಾಡೆಲ್ ಫ್ಯಾನಿನ ಸರೀ ಕೆಳಗೆ ಇಟ್ಟಿದ್ರು. ಒದ್ದೆ ಹಾಳೆಗೆ ಗಾಳಿ ಸಿಕ್ಕಿದ್ರೆ ಎಂತ ಆಗ್ತದೆ ಅಂತ ನಮ್ಮೂರಲ್ಲಿ ಮುಟ್ಟಾಳೆ (ಹಾಳೆ ಟೊಪ್ಪಿ) ಕಟ್ಟುವ ಯಾರನ್ನು ಕೇಳಿದ್ರೂ ಹೇಳ್ತಿದ್ರು. ನಾನು ಬ್ಯಾಲೆನ್ಸ್ ವಿಷಯ ಹೇಳ್ತಾ ಇದ್ದ ಹಾಗೇ ಟಕ್ ಅಂತ ಒಂದು ಕಂಬ ಎದ್ದು ಬಂತು, ಮತ್ತೆ ಟಕ್ ಟಕ್ ಅಂತ ನಾಲ್ಕು, ಹಾಳೆ ಎರಡೂ ಬದಿಯಿಂದ ಸುರುಳಿ ಸುತ್ತಿಕೊಳ್ತಾ ಮೇಲೆ ಹೋಯ್ತು. ಹೊರಗಿನಿಂದ ಬಂದ ಸರ್ "ಆನೆ ಏಳ್ತಾ ಉಂಟು" ಅಂದ್ರು.

ಇನ್ನೊಂದು ಮರ್ಯಾದೆ ಬಾಕಿ ಇತ್ತು. ರಾತ್ರಿ ಮನುಷ್ಯರನ್ನು ಕತ್ತರಿಸುವಷ್ಟು ಜೀವ ಇರ್ಲಿಲ್ಲ, ಹಾಗಾಗಿ ಬೆಳಿಗ್ಗೆ ಫ್ರೆಂಡಿನ ಹತ್ರ ಉಳಿದ ಕಾರ್ಡ್‌ಬೋರ್ಡಿನ ಜನರನ್ನು ತಂದು ನಿಲ್ಲಿಸಿದ್ದೆ. ನನ್ನ ಮಾಡೆಲ್ 1:50, ಅವಳ ಜನ 1:25. ನನ್ನ 3 ಮೀಟರಿನ ಬಸ್ ಸ್ಟಾಪು 6 ಸೆಂ.ಮೀ. ಎತ್ತರ, ಅವಳ ಆರಡಿ ಗಂಡಸು 7.3. ಮಾಡಿಗಿಂತ ಎತ್ತರದ ಮೂರು ಜನ ಹೊರಗೆ ನಿಂತು, ಒಳಗೆ ಹೋಗ್ಲಿಕ್ಕಾಗದೆ ಪಾಪ ಆನೆ ಏಳುದನ್ನು ನೋಡ್ತಾ ಇದ್ರು. ಸ್ಕೇಲ್ ಅಂದ್ರೆ ಎಂತ ಅಂತ ನನಗೆ ಅವತ್ತಿನಿಂದ ಯಾರೂ ಹೇಳಿಕೊಡ್ಬೇಕಾಗಿಲ್ಲ.

ಸರ್ ಆಮೇಲೆ ಮೆಲ್ಲ ಎರಡೇ ಪ್ರಶ್ನೆ ಕೇಳಿದ್ರು. ಇದು ಯಾವ ದಿಕ್ಕಿಗೆ ಮುಖ ಮಾಡಿದೆ? ಪಡುವಣಕ್ಕೆ ಸರ್, ಸೂರ್ಯಾಸ್ತದ ವ್ಯೂ. ಕಾಸರಗೋಡಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದು ಬರುದು ಎಲ್ಲಿಂದ? ಸಮುದ್ರದ ಕಡೆಯಿಂದ ಸರ್, ಅಂದ್ರೆ ಪಡುವಣದಿಂದ ಸರ್. ಎರಡನೇದು, ಬಸ್ಸು ಬರುವ ಬದಿಗೇ ಗೋಡೆ ಕಟ್ಟಿದ್ದೀಯಲ್ಲ, ಬಸ್ಸು ಬಂದದ್ದು ಒಳಗಿನವರಿಗೆ ಗೊತ್ತಾಗುದು ಹೇಗೆ? ಬ್ಯಾಲೆನ್ಸಿಗೆ ಸರ್ ಅಂದೆ. ಉತ್ತರ ಬಾಯಿಂದ ಹೊರಗೆ ಬಂದ ಮೇಲೆ ಅದನ್ನು ಒಳಗೆ ಎಳ್ಕೊಳ್ಳುವ ವ್ಯವಸ್ಥೆ ಇರ್ಬೇಕಿತ್ತು. ಅಂತೂ ಪಾಸಾಯ್ತು, ಎಷ್ಟು ಮಾರ್ಕು ಅಂತ ಕೇಳ್ಬೇಡಿ.

ಸಂಜೆ ಊರಲ್ಲಿ ಇಳಿದಾಗ ಜೋರು ಮಳೆ. ನಮ್ಮೂರಿನ ನಿಜವಾದ ಬಸ್ ಸ್ಟಾಪ್ ಒಳಗೆ ಒಂದು ನಾಯಿ ಮಾತ್ರ ಇತ್ತು, ಜನರೆಲ್ಲ ಎದುರಿನ ಅಂಗಡಿಯ ಜಗಲಿಯಲ್ಲಿ. ಅಲ್ಲಿಂದ ತಿರುವಲ್ಲಿ ಬಸ್ಸು ಕಾಣ್ತದೆ, ಚಾ ಕೂಡ ಸಿಗ್ತದೆ. ಆ ಬಸ್ ಸ್ಟಾಪ್ ಕಟ್ಟಿದವರು ನನ್ನ ಸೀನಿಯರ್ ಆಗಿರ್ಬೇಕು.

ಮಾಡೆಲ್ಲನ್ನು ಬಚ್ಚಲ ಒಲೆಗೆ ಹಾಕುವ ಅಂತ ಹೋದ್ರೆ ಅಜ್ಜಿ ಬಿಡ್ಲಿಲ್ಲ. ಸುರುಳಿ ಸುತ್ತಿದ ಮಾಡನ್ನು ಕಿತ್ತು, ಹಿಂದೆ ಮುಂದೆ ತಿರುಗಿಸಿ ನೋಡಿ, ಅದರಲ್ಲೇ ಒಲೆಯ ಬೂದಿ ತೋಡಿದ್ರು. ಒಂದು ಚೂರೂ ಕೆಳಗೆ ಚೆಲ್ಲಲಿಲ್ಲ.

"ಲಾಯ್ಕ ಉಂಟು ಮಗಾ, ಇನ್ನೊಂದು ಮಾಡಿ ಕೊಡು. ಸ್ವಲ್ಪ ದೊಡ್ಡದು."

ಸ್ವಲ್ಪ ದೊಡ್ಡದು ಅಂದ್ರೆ 1:25 ಸಾಕಾಗ್ಬಹುದು.