ಅಂಗಿಯ ಗುರುತು, ಆಮೆಯ ರಕ್ತ

ಕ್ರೀಡೆಯನ್ನು ಆಳುವವರಿಗೆ ಕಣ್ಣಿಲ್ಲವೆಂದು ದೂರುವವರು ಐರ್ಲೆಂಡಿನ ಓಟಗಾರ್ತಿ ಸೋನಿಯಾ ಓ'ಸಲಿವನ್ ಅವರ ವೃತ್ತಿಜೀವನವನ್ನು ಒಮ್ಮೆ ಗಮನಿಸಬೇಕು. ಕಣ್ಣಿದೆ, ಅದೂ ಹದ್ದಿನ ಕಣ್ಣು. ಆದರೆ ಅದು ನೆಟ್ಟಿರುವುದು ಓಡುವವರ ಅಂಗಿಯ ಮೇಲೆ. ಅಂಗಿಯೊಳಗಿನ ಮೈಯಲ್ಲಿ ಏನು ಹರಿಯುತ್ತಿದೆ ಎಂಬುದು ಆ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 5000 ಮೀಟರ್ ಓಟಕ್ಕೆ ಮೊದಲ ಬಾರಿಗೆ ಸ್ಥಾನ ದೊರೆತಿತ್ತು. ಹಿಂದಿನ ವರ್ಷವಷ್ಟೇ ಗೋಟೆನ್‌ಬರ್ಗ್‌ನಲ್ಲಿ ಇದೇ ದೂರದ ವಿಶ್ವ ಚಾಂಪಿಯನ್ ಆಗಿದ್ದ, ಕಾರ್ಕ್ ಪ್ರಾಂತ್ಯದ ಕೋವ್ ಎಂಬ ಬಂದರು ಪಟ್ಟಣದ ಸೋನಿಯಾ ಅವರ ಮೇಲೆ ಇಡೀ ಐರ್ಲೆಂಡ್ ಆಸೆ ಇಟ್ಟುಕೊಂಡಿತ್ತು. ಆದರೆ ಅಲ್ಲಿನ ಒಲಿಂಪಿಕ್ ಮಂಡಳಿಯು ಒಂದು ಉಡುಪಿನ ಕಂಪನಿಯೊಡನೆ ಕರಾರು ಮಾಡಿಕೊಂಡಿತ್ತು, ಅಥ್ಲೆಟಿಕ್ಸ್ ಒಕ್ಕೂಟವು ಇನ್ನೊಂದರೊಡನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವಂತೆ, ಟ್ರ್ಯಾಕಿಗೆ ಹೋಗುವ ಸುರಂಗ ಮಾರ್ಗದಲ್ಲಿ, ಓಟಕ್ಕೆ ಇನ್ನೇನು ಇಳಿಯಬೇಕು ಎನ್ನುವಾಗ ವಿಶ್ವ ಚಾಂಪಿಯನ್ ತೊಟ್ಟ ಬಟ್ಟೆ ಕಳಚಿ ಬೇರೆಯದನ್ನು ಧರಿಸಬೇಕಾಯಿತು. ದೇಶದ ಮಾನ ಕಾಪಾಡಲು ದೇಶದ ಹೆಣ್ಣುಮಗಳು ದಾರಿಯಲ್ಲೇ ನಿಂತು ಬಟ್ಟೆ ಬದಲಿಸುವುದು ಅನಿವಾರ್ಯವೆಂದು ತೀರ್ಮಾನಿಸಿದ ಆಡಳಿತಗಾರರ ಕರ್ತವ್ಯನಿಷ್ಠೆಗೆ ಒಂದು ಪದಕವನ್ನಾದರೂ ಕೊಡಬಹುದಿತ್ತು. ಅನಾರೋಗ್ಯದಿಂದ ಬಳಲುತ್ತಿದ್ದ ಸೋನಿಯಾ ಫೈನಲ್ಲನ್ನು ಅರ್ಧಕ್ಕೇ ಬಿಟ್ಟು ಹೊರನಡೆದರು; ಅದಕ್ಕೆ ಅಂಗಿ ಕಾರಣವಲ್ಲ, ನಿಜ. ಆದರೆ ಆ ದಿನಗಳಲ್ಲಿ ಆಕೆಯ ಆರೋಗ್ಯಕ್ಕಿಂತ ಅಂಗಿಯನ್ನೇ ಹೆಚ್ಚು ಎಚ್ಚರದಿಂದ ತಪಾಸಣೆ ಮಾಡಲಾಗಿತ್ತು ಎಂಬುದೂ ಅಷ್ಟೇ ನಿಜ.

ಈ ಎಚ್ಚರವು ಮೂರು ವರ್ಷ ಮೊದಲು ಸ್ಟುಟ್‌ಗಾರ್ಟ್‌ನಲ್ಲಿ ಎಲ್ಲಿಗೆ ಹೋಗಿತ್ತೋ ತಿಳಿಯದು. 1993ರ ವಿಶ್ವ ಚಾಂಪಿಯನ್‌ಷಿಪ್‌ನ 3000 ಮೀಟರ್ ಓಟದಲ್ಲಿ ಸೋನಿಯಾ ಅವರಿಗಿಂತ ಮುಂದೆ ಮೂವರು ಗುರಿ ಮುಟ್ಟಿದರು, ಮೂವರೂ ಚೀನಾದವರು. 1500 ಮೀಟರ್‌ನಲ್ಲಿ ಸೋನಿಯಾ ಅವರಿಗೆ ಬೆಳ್ಳಿ ದಕ್ಕಿತು, ಚಿನ್ನ ಮತ್ತೆ ಚೀನಾಕ್ಕೆ. ಮುಂದಿನ ತಿಂಗಳು ಬೀಜಿಂಗ್‌ನಲ್ಲಿ ಚೀನಾದ ಓಟಗಾರ್ತಿ ವಾಂಗ್ ಜುನ್‌ಷಿಯಾ 10000 ಮೀಟರನ್ನು 29 ನಿಮಿಷ 31.78 ಸೆಕೆಂಡುಗಳಲ್ಲಿ ಓಡಿ ಹಳೆಯ ವಿಶ್ವದಾಖಲೆಯಿಂದ ಸುಮಾರು 42 ಸೆಕೆಂಡುಗಳನ್ನು ಕಿತ್ತುಹಾಕಿದರು. ಗುಟ್ಟೇನೆಂದು ಕೇಳಿದರೆ, ಅವರ ತರಬೇತುದಾರ ಮಾ ಜುನ್‌ರೆನ್ ಆಮೆಯ ರಕ್ತವನ್ನೂ ಹುಳುವಿನ ಮೇಲೆ ಬೆಳೆಯುವ ಒಂದು ಬಗೆಯ ಶಿಲೀಂಧ್ರವನ್ನೂ ತೋರಿಸಿದರು. ಓಡಲು ಬಾರದ ಪ್ರಾಣಿಯೆಂದು ಶತಮಾನಗಳಿಂದ ಅಪಹಾಸ್ಯಕ್ಕೆ ಗುರಿಯಾದ ಆಮೆಗೆ ಇದಕ್ಕಿಂತ ದೊಡ್ಡ ಗೌರವ ಹಿಂದೆಂದೂ ಸಂದಿರಲಾರದು.

2000ದಲ್ಲಿ, ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನ ನಿಷೇಧಿತ ಔಷಧಗಳ ಪತ್ತೆಗೆಂದು ನಡೆದ ರಕ್ತಪರೀಕ್ಷೆಗಳ ನಂತರ ಮಾ ಅವರ ಏಳು ಓಟಗಾರ್ತಿಯರಲ್ಲಿ ಆರು ಮಂದಿಯನ್ನು ಸ್ವತಃ ಚೀನಾವೇ ತಂಡದಿಂದ ಕೈಬಿಟ್ಟಿತು. ಅದೇ ಸಿಡ್ನಿಯಲ್ಲಿ, ತಾಯಿಯಾದ ಮರುವರ್ಷವೇ ಸೋನಿಯಾ ರೊಮೇನಿಯಾದ ಗ್ಯಾಬ್ರಿಯೆಲಾ ಸಾಬೋಗಿಂತ ಕಾಲು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಹಿಂದುಳಿದು 5000 ಮೀಟರ್‌ನ ಬೆಳ್ಳಿ ಪಡೆದರು. ಅದಕ್ಕೂ ಮೊದಲು, 1998ರಲ್ಲಿ, ಮರಾಕೆಷ್‌ನಲ್ಲಿ ಎರಡು ವಿಶ್ವ ಕ್ರಾಸ್‌ಕಂಟ್ರಿ ಚಿನ್ನಗಳನ್ನೂ ಬುಡಾಪೆಸ್ಟ್‌ನಲ್ಲಿ ಎರಡು ಯುರೋಪಿಯನ್ ಚಿನ್ನಗಳನ್ನೂ ಗೆದ್ದಿದ್ದರು. ಅವುಗಳನ್ನು ಯಾವ ಕಂಪನಿಯ ಅಂಗಿಯಲ್ಲಿ ಗೆದ್ದರೆಂದು ಪ್ರೇಕ್ಷಕರ‍್ಯಾರೂ ವಿಚಾರಿಸಿದಂತಿಲ್ಲ. ಪ್ರೇಕ್ಷಕರಿಗೆ ಶಿಸ್ತು ಕಡಿಮೆ.

2016ರಲ್ಲಿ ಚೀನಾದ ಮಾಧ್ಯಮಗಳು ಒಂದು ಪತ್ರವನ್ನು ಪ್ರಕಟಿಸಿದವು. ವಾಂಗ್ ಮತ್ತು ಅವರ ಸಂಗಾತಿಗಳು 1995ರಲ್ಲೇ ಬರೆದದ್ದೆನ್ನಲಾದ ಆ ಪತ್ರದಲ್ಲಿ, ತಮಗೆ ವರ್ಷಗಟ್ಟಲೆ ನಿಷೇಧಿತ ಔಷಧಗಳನ್ನು ಬಲವಂತವಾಗಿ ಕೊಡಲಾಗಿತ್ತು ಎಂಬ ಅಳಲಿತ್ತು. ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆಯು, ಪತ್ರ ಅಸಲಿಯೋ ನಕಲಿಯೋ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಾಗಿದೆ ಎಂದಿತು. ಆತುರಪಡುವುದು ತರವಲ್ಲ, ಒಪ್ಪೋಣ. ಅಂಗಿಯಾಗಿದ್ದರೆ ಮಾತು ಬೇರೆ. ಅದರ ಗುರುತು ಎದೆಯ ಮೇಲೇ ಇರುತ್ತದೆ, ಸುರಂಗದಲ್ಲಿ ನಿಂತಲ್ಲೇ ವಿಚಾರಣೆ ಮುಗಿಸಿ ತೀರ್ಪನ್ನೂ ಜಾರಿಗೊಳಿಸಬಹುದು. ಸ್ಟುಟ್‌ಗಾರ್ಟ್‌ನ 3000 ಮೀಟರ್ ಫಲಿತಾಂಶ ಪಟ್ಟಿಯಲ್ಲಿ ಸೋನಿಯಾ ಓ'ಸಲಿವನ್ ಈಗಲೂ ನಾಲ್ಕನೆಯವರು.