ಶೆಟ್ಟಿ ಗೊಂಬೆಗೆ ಇರುವ ಮರ್ಯಾದೆ

ಹೋದ ತಿಂಗಳು ಟೋಕಿಯೋದ ನಾಕಾನೊ ಬ್ರಾಡ್‌ವೇ ಅನ್ನೋ ಕಾಂಪ್ಲೆಕ್ಸ್‌ನಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಐರನ್ ಮ್ಯಾನ್ ಗೊಂಬೆ ಆರಿಸಿಕೊಂಡೆ. ಮಾರ್ಕ್ 85 ಅನ್ನೋ ಕವಚ ತೊಟ್ಟದ್ದು, 2019ರ ‘ಎಂಡ್‌ಗೇಮ್’ ಸಿನಿಮಾದ್ದು. ತೋಳಿನ ಮೇಲೆ ಚಿನ್ನದ ಬಣ್ಣ ಜಾಸ್ತಿ ಇರುತ್ತದಲ್ಲ, ಅದು. ಬಿಲ್ ಮಾಡುವ ಮುಂಚೆ ಅಂಗಡಿಯವನು ಗೊಂಬೆಯನ್ನು ಮಗುಚಿ, ಪುಟ್ಟ ಟಾರ್ಚ್ ಬಿಟ್ಟು, ಬಲಗಾಲಿನ ಹಿಮ್ಮಡಿ ತೋರಿಸಿದ. ಸಾಸಿವೆ ಕಾಳಿನಷ್ಟು ಬಣ್ಣ ಎದ್ದಿತ್ತು. ‘ಪರವಾಗಿಲ್ಲವಾ?’ ಅಂತ ಕೇಳಿದ. ನನ್ನ ಹಿಂದೆ ಸೂಟು ಹಾಕಿದ, ಐವತ್ತು ದಾಟಿದವರೊಬ್ಬರು ನಿಂತಿದ್ದರು. ಅವರೂ ಬಗ್ಗಿ ಹಿಮ್ಮಡಿ ನೋಡಿದರು. ಯಾರೂ ನಗಲಿಲ್ಲ.

ನನಗೆ ಮೈಸೂರಿನ ನಮ್ಮ ಮನೆ ನೆನಪಾಗಿ ಹೊಟ್ಟೆ ಉರಿಯಿತು.

ಎರಡು ವರ್ಷದ ಹಿಂದೆ ದಸರೆಗೆ ಊರಿಗೆ ಹೋದಾಗ ಹಳೆಯ ಮಾರ್ಕ್ 3 ಒಯ್ದಿದ್ದೆ, ಕಾಲೇಜಿನ ಗೆಳೆಯನಿಗೆ ತೋರಿಸೋಣ ಅಂತ. ಅರಿಶಿನ ಕುಂಕುಮಕ್ಕೆ ಬಂದವರ ಹುಡುಗ ಅದಕ್ಕೇ ರಚ್ಚೆ ಹಿಡಿದ. ‘ಕೊಡೋ, ಮಗು ಕೇಳ್ತಿದೆ. ನಲವತ್ತಾಯ್ತು, ಇನ್ನೂ ಗೊಂಬೆನಾ ನಿಂಗೆ?’ ಅಂದರು ಅಮ್ಮ. ಹತ್ತು ನಿಮಿಷಕ್ಕೆ ಎಡಗೈ ಭುಜದಿಂದ ಕಿತ್ತು ಬಂತು.

ಈ ಮಾತು ಹೇಳುವಾಗ ಅಮ್ಮ ನಿಂತಿದ್ದು ಎಲ್ಲಿ ಗೊತ್ತಾ? ಏಳು ಮೆಟ್ಟಿಲಿನ ಮುಂದೆ. ಪಟ್ಟದ ಗೊಂಬೆಗೆ ಹೊಸ ಜರಿ ಉಡಿಸಿ, ಶೆಟ್ಟಿ ದಂಪತಿ ಮುಂದೆ ಅಕ್ಕಿ ಬೇಳೆ ಹರವಿ, ಅದೇ ಹುಡುಗನಿಗೆ ‘ಅದನ್ನ ಮುಟ್ಬಾರ್ದು’ ಅಂತ ಕಣ್ಣು ಬಿಡುತ್ತಾ. ಶೆಟ್ಟಿಯ ಮೂಗು ಯಾರ ಕೈಯಲ್ಲಿ ಸವೆಯಿತು ಅಂತ ಅಮ್ಮನೂ ಚಿಕ್ಕಮ್ಮನೂ ಅರ್ಧ ಗಂಟೆ ವಾದ ಮಾಡಿದ್ದರು. ಅದು ಸಂಪ್ರದಾಯ. ನನ್ನದು ಆಟದ ಸಾಮಾನು. ನಮ್ಮಲ್ಲಿ ಗೊಂಬೆಗೆ ಮರ್ಯಾದೆ ಇದೆ, ಗೊಂಬೆ ಇಟ್ಟುಕೊಂಡ ಗಂಡಸಿಗಿಲ್ಲ.

ನಾನಿರುವ ಈ ಜಪಾನಿನಲ್ಲೂ ಮಾರ್ಚ್ 3ಕ್ಕೆ ಮೆಟ್ಟಿಲು ಕಟ್ಟಿ ರಾಜ-ರಾಣಿ ಕೂರಿಸುತ್ತಾರೆ, ಹಿನಾ ಗೊಂಬೆ ಅಂತ. ಆದರೆ ಅದನ್ನು ತೋರಿಸಿ ನನ್ನ ಐರನ್ ಮ್ಯಾನ್ ಮೂತಿಗೆ ಯಾರೂ ತಿವಿದಿಲ್ಲ. ನಾಕಾನೊ ಬ್ರಾಡ್‌ವೇ 1966ರ ಹಳೇ ಕಾಂಪ್ಲೆಕ್ಸ್. 1980ರಲ್ಲಿ ಮಂದರಾಕೆ ಅನ್ನೋ ಹಳೇ ಕಾಮಿಕ್ಸ್ ಅಂಗಡಿ ಅಲ್ಲಿ ಶುರುವಾಯಿತು. ಈಗ ಮಹಡಿ ಮಹಡಿ ಹತ್ತಿದರೂ ಬರೀ ಇದೇ ಸಾಮಾನು. ಲಕೋಟೆ ಮೇಲೆ ಚೀಟಿ ಇರುತ್ತದೆ: ಪೆಟ್ಟಿಗೆ ಮೂಲೆ ಜಜ್ಜಿದೆ, ಬಿಡಿ ಕೈ ಒಂದು ಕಡಿಮೆ. ನಮ್ಮೂರಲ್ಲಿ ಸೆಕೆಂಡ್‌ಹ್ಯಾಂಡ್ ಸ್ಕೂಟರ್‌ಗೂ ಇಷ್ಟು ನಿಜ ಹೇಳಲ್ಲ.

ಇಲ್ಲಿ ನನಗೆ ಜಗಳ ಆಡೋಕೆ ಸಿಕ್ಕಿರುವುದು ಹಾಸನದ ಹುಡುಗ ಒಬ್ಬ. ಅವನು ಹಾಂಗ್‌ಕಾಂಗ್‌ನ ಹಾಟ್ ಟಾಯ್ಸ್ ಕಂಪನಿಯ ಪಕ್ಷ. ಒಂದಡಿ ಎತ್ತರದ ಗೊಂಬೆ, ಚರ್ಮದ ರಂಧ್ರವೂ ಕಾಣುವಂಥ ಮುಖ, ಜೇಬಿಗೆ ತಕ್ಕ ಹೊಡೆತ. ನಾನು ಜಪಾನಿನ ಬಂಡೈ ಕಂಪನಿಯವರ ಫಿಗುವಾರ್ಟ್ಸ್ ಅನ್ನೋ ಆರಿಂಚಿನ, ಕೈಕಾಲು ಮಡಚುವ ಗೊಂಬೆಗಳ ಪಕ್ಷ. ಮುಖ ಎಷ್ಟು ಚೆನ್ನಾಗಿದ್ದರೇನು, ಒಂದು ಮಂಡಿ ಊರಿ, ಮುಷ್ಟಿ ನೆಲಕ್ಕೆ ಗುದ್ದಿ ಕೂರೋಕೆ ಬರದಿದ್ದರೆ ಅದು ಐರನ್ ಮ್ಯಾನ್ ಹೇಗಾದೀತು? ‘ನಿಮ್ದು ಯೋಗ ಮಾಡೋ ಗೊಂಬೆ ಬಿಡಿ ಸಾರ್’ ಅನ್ನುತ್ತಾನೆ.

ಇನ್ನೊಂದು ಜಗಳ, ಪೆಟ್ಟಿಗೆ ಒಡೆಯಬೇಕಾ ಬೇಡವಾ ಅನ್ನುವುದು. ಅವನು ಒಡೆಯಲ್ಲ, ಬೆಲೆ ಬೀಳುತ್ತದೆ ಅಂತ. ಹೋದ ಮಳೆಗಾಲ ವರ್ಷಗಟ್ಟಲೆ ಮುಚ್ಚಿಟ್ಟ ಒಂದನ್ನು ತೆರೆದ. ಮೈಯೆಲ್ಲ ಅಂಟಂಟು, ಬೆಲ್ಲದ ಅಚ್ಚು ಮುಟ್ಟಿದ ಹಾಗೆ. ಪಿವಿಸಿ ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಹಾಕಿದ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಹೊರಗೆ ಬರುತ್ತದೆ. ಪೆಟ್ಟಿಗೆಯೊಳಗೆ ಗಾಳಿಯಾಡದಿದ್ದರೆ ಮೈಮೇಲೇ ಕೂರುತ್ತದೆ.

ಅಮ್ಮ ವರ್ಷಕ್ಕೊಮ್ಮೆ ಟ್ರಂಕಿನಿಂದ ಎಲ್ಲ ತೆಗೆದು, ಒರೆಸಿ, ಹತ್ತು ದಿನ ಗಾಳಿಗಿಟ್ಟು, ಮತ್ತೆ ಹಳೇ ಪಂಚೆಯಲ್ಲಿ ಸುತ್ತುತ್ತಾರೆ. ಆ ವಿಷಯದಲ್ಲಿ ಅಮ್ಮ ಸರಿ, ಒಪ್ಪಿಕೊಳ್ಳಲೇಬೇಕು. ನನ್ನ ಹಾಗೇ ಗೊಂಬೆ ಕೂಡಿಡುವ ಬೆಂಗಳೂರಿನ ಗೆಳೆಯರನ್ನೂ ಬೈಯುವ ಹಾಗಿಲ್ಲ. ಹೊರದೇಶದ ಆಟಿಕೆಗೆ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಆದರೂ ತರಿಸುತ್ತಾರೆ. ಮನೆಗೆ ಹೋದರೆ ಕೈಗೆ ಕೊಟ್ಟು ‘ನೋಡು ಮಗಾ’ ಅನ್ನುತ್ತಾರೆ. ಇಲ್ಲಿ ಹಾಗಲ್ಲ. ಆ ಸೂಟಿನವರನ್ನು ಅದೇ ಅಂಗಡಿಯಲ್ಲಿ ಮೂರು ವರ್ಷದಿಂದ ನೋಡುತ್ತಿದ್ದೇನೆ. ಹೆಸರು ಗೊತ್ತಿಲ್ಲ. ಅವರ ಮನೆಯಲ್ಲಿ ಏನೇನಿದೆಯೋ, ಗೊಂಬೆ ಬಾಗಿನಕ್ಕೆ ಕರೆಯುವವರು ಯಾರು?

ಕಿತ್ತ ಕೈಯನ್ನು ಅಮ್ಮನೇ ಆ ರಾತ್ರಿ ಫೆವಿಕ್ವಿಕ್ ಹಾಕಿ ಅಂಟಿಸಿದ್ದರು. ನಮಸ್ಕಾರಕ್ಕೆ ಎತ್ತಿದ ಹಾಗೆ ನಿಂತಿದೆ, ಇಳಿಯಲ್ಲ. ಮೊನ್ನೆ ಜಾಗ ಸಾಲದೆ ಅದನ್ನೂ ಅಂಗಡಿಗೆ ಒಯ್ದೆ. ಅಂಗಡಿಯವನು ಟಾರ್ಚ್ ಬಿಟ್ಟು ಭುಜದ ಬಿಳಿ ಕಲೆ ನೋಡಿ, ಗುಜರಿ ಬುಟ್ಟಿಯ ರೇಟು, ಮುನ್ನೂರು ಯೆನ್ ಅಂದ.

ಕೊಡಲಿಲ್ಲ.